ರೌಟರಿನ ಕಡೆಯ ಸಾಲು

ಗದಗ-ಬೆಟಗೇರಿ ಜೋಡಿ ಊರಿನಲ್ಲಿ ಆ ಕಾಲಕ್ಕೆ ನಾಲ್ಕು ಲಕ್ಷ ಮನೆಗಳಿದ್ದವು. ಇದು ವಿಠ್ಠಲಸಾ ಬಾಕಳೆಯ ಎಣಿಕೆ. ನಗರಸಭೆಯವರು ತೊಂಬತ್ತು ಸಾವಿರವೆಂದು ಬರೆದುಕೊಂಡಿದ್ದರು. ಎಣಿಸುತ್ತ ಎಣಿಸುತ್ತ ತೂಕಡಿಸುವವರ ಮಾತನ್ನು ಯಾರು ನಂಬುತ್ತಾರೆ? ಅಷ್ಟೂ ಮನೆಗಳಿಗೆ ಹೊರಜಗತ್ತಿನ ಕಡೆಗೆ ಇದ್ದದ್ದು ಒಂದೇ ವಿಳಾಸ, ಒಂದೇ ಬಾಗಿಲು. ಆ ಬಾಗಿಲಲ್ಲಿ ಗೋದ್ರೇಜ್ ಕಪಾಟಿನಷ್ಟು ಎತ್ತರದ ಒಂದು ರೌಟರ್ ನಿಂತಿತ್ತು. ಆ ರೌಟರಿನ ಮುಂದೆ ಮೂವತ್ತೊಂದು ವರ್ಷದಿಂದ ವಿಠ್ಠಲಸಾ ಕುಳಿತಿದ್ದ. ಅವನು ಸೀನಿದರೆ ಮುಳಗುಂದದವರೆಗೆ ನೆಟ್ ಹೋಗುತ್ತಿತ್ತು. ಕೆಮ್ಮಿದರೆ ಲಕ್ಷ್ಮೇಶ್ವರದಲ್ಲಿ ಸಿನಿಮಾ ನಿಲ್ಲುತ್ತಿತ್ತು. ಸೀನಿದ್ದನ್ನೂ ಕೆಮ್ಮಿದ್ದನ್ನೂ ಕಂಡವರು ಯಾರೆಂದು ಕೇಳಬಾರದು.

ರೌಟರಿನ ಕೆಲಸ ಕೇಳುವುದಕ್ಕೆ ಸರಳ. ಒಳಗಿನ ಮನೆಯೊಂದು ಹೊರಗಿನವರಿಗೆ ಏನೋ ಕೇಳುತ್ತದೆ. ರೌಟರ್ ಆ ಮನೆಯ ನಂಬರನ್ನು ಕಿತ್ತು, ಊರಿನ ವಿಳಾಸ ಅಂಟಿಸಿ ಹೊರಗೆ ಕಳಿಸುತ್ತದೆ. ಇಂಥವರು ಇಂಥದ್ದನ್ನು ಕೇಳಿದ್ದಾರೆ ಎಂದು ತನ್ನ ಪಟ್ಟಿಯಲ್ಲಿ ಒಂದು ಸಾಲು ಗೀಚಿಕೊಳ್ಳುತ್ತದೆ. ಉತ್ತರ ಬಂದಾಗ ಪಟ್ಟಿ ನೋಡಿ, ಕೇಳಿದವರ ಮನೆಗೇ ಮುಟ್ಟಿಸುತ್ತದೆ. ಆದರೆ ಹೊರಗಿನವರು ತಾವಾಗಿ ಒಳಗೆ ಬರಬೇಕೆಂದರೆ ಹಾಗೆಲ್ಲ ಸಾಗುವುದಿಲ್ಲ. ಈ ಪೋರ್ಟಿಗೆ, ಅಂದರೆ ಈ ನಂಬರಿನ ಕಿಂಡಿಗೆ, ಬಂದವರು ಈ ಮನೆಯ ಈ ಸರ್ವರಿಗೆ ಹೋಗಲಿ ಎಂದು ಮೊದಲೇ ಒಂದು ಸಾಲು ಬರೆದಿಟ್ಟಿರಬೇಕು. ಸಾಲಿಲ್ಲದಿದ್ದರೆ ಬಂದವರು ದೇವರಾದರೂ ಸರಿ, ಹೊಸ್ತಿಲ ಆಚೆಯೇ. ಆ ಸಾಲುಗಳನ್ನು ಬರೆಯುವವನು ವಿಠ್ಠಲಸಾ. ಅಳಿಸುವವನೂ ಅವನೇ.

ಅಳಿಸುವುದು ಯಾಕೆಂದರೆ, ಆಗ ಮನೆಮನೆಯಲ್ಲಿ ಉತ್ತರಪೆಟ್ಟಿಗೆಗಳಿದ್ದವು. ಒಗ್ಗರಣೆ ಡಬ್ಬಿಯಷ್ಟು ದೊಡ್ಡ ಸರ್ವರು. ಹದಿನೆಂಟು ತುಂಬಿದವರಿಗೆಲ್ಲ ಒಂದೊಂದು. ವರ್ಷವಿಡೀ ಒಡೆಯನ ಮಾತು ಕೇಳಿ ಕೇಳಿ, ಆಮೇಲೆ ಅವನಿಲ್ಲದಾಗ ಅವನದೇ ದನಿಯಲ್ಲಿ ಕರೆಗಳಿಗೆ ಉತ್ತರ ಕೊಡುತ್ತಿತ್ತು. ತಮ್ಮ ಹೆಸರಿನಲ್ಲಿ ಅದು ಯಾರಿಗೆ ಏನು ಮಾತು ಕೊಡುತ್ತಿದೆಯೆಂದು ಮನೆಯವರಿಗೆ ತಿಳಿಯಲೆಂದು ಪೆಟ್ಟಿಗೆಗೆ ಸಣ್ಣದೊಂದು ಸ್ಪೀಕರ್ ಇತ್ತು. ಊರಿನ ಅರ್ಧ ಹರಟೆ ಪೆಟ್ಟಿಗೆ-ಪೆಟ್ಟಿಗೆಗಳ ನಡುವೆಯೇ ಮುಗಿಯುತ್ತಿತ್ತು. ಹಾತಲಗೇರಿ ನಾಕಾದ ಹತ್ತಿರ ಎರಡು ಪೆಟ್ಟಿಗೆಗಳು ಸೇರಿ ಒಂದು ಮದುವೆಯನ್ನೇ ಗೊತ್ತುಮಾಡಿದ್ದವು. ಗಂಡಿಗೂ ಹೆಣ್ಣಿಗೂ ಲಗ್ನಪತ್ರಿಕೆ ಅಚ್ಚಾದ ಮೇಲೆ ತಿಳಿಯಿತು.

ಒಡೆಯ ಸತ್ತರೆ ಹದಿನೈದು ದಿನದೊಳಗೆ ಅವನ ಸಾಲು ಅಳಿಸಬೇಕು. ಇದು ಕಾಯ್ದೆ. ಸಾಲು ಅಳಿದ ಮೇಲೆ ಹೊರಗಿನ ಕರೆ ಪೆಟ್ಟಿಗೆಯನ್ನು ಮುಟ್ಟುವುದಿಲ್ಲ. ನಲವತ್ತು ದಿನ ಹೊರಗಿನಿಂದ ಯಾರೂ ತಟ್ಟದಿದ್ದರೆ ಪೆಟ್ಟಿಗೆ ತನ್ನನ್ನು ತಾನೇ ಒರೆಸಿಕೊಂಡು ಖಾಲಿಯಾಗುತ್ತದೆ. ಮನೆಯವರ ಮಾತು ಆ ನಲವತ್ತರ ಲೆಕ್ಕಕ್ಕೆ ಹಿಡಿಯುವುದಿಲ್ಲ. ಹಿಡಿದಿದ್ದರೆ ಯಾವ ಮನೆಯವರು ತಾನೇ ಪೆಟ್ಟಿಗೆಯನ್ನು ಸಾಯಲು ಬಿಡುತ್ತಿದ್ದರು?

ಅಳಿಸುವುದಕ್ಕೂ ಒಂದು ರೀತಿಯಿತ್ತು. ಕಚೇರಿಯವರು ಮನೆಗೆ ಹೋಗಿ, ಸತ್ತವರ ಸಾಲನ್ನು ಮೂರು ಸಲ ಗಟ್ಟಿಯಾಗಿ ಓದಬೇಕು: ಪೋರ್ಟ್ ಇಷ್ಟು, ಒಳನಂಬರು ಇಷ್ಟು, ಹೆಸರು ಇಂಥದು. ಮೂರನೆಯ ಸಲ ಓದಿ "ಅಳಿಸ್ಲ್ಯಾ?" ಎಂದು ಕೇಳಬೇಕು. ಹೂಂ ಎಂದು ಬಾಯಿಬಿಟ್ಟು ಯಾರೂ ಹೇಳುವುದಿಲ್ಲ. ಹಿರಿಯರು ಚಹಾ ಕುಡಿದ ಕಪ್ಪನ್ನು ಬೋರಲು ಹಾಕುತ್ತಾರೆ. ಅಷ್ಟೇ. ಬಂದವರು 'ಹೋಗಿ ಬರ್ತೀನಿ' ಎನ್ನದೆ ಎದ್ದು ಹೋಗುತ್ತಾರೆ. ಹೀಗೆ ವಿಠ್ಠಲಸಾ ಒಂಬತ್ತು ಸಾವಿರ ಸಾಲು ಅಳಿಸಿದ್ದ. ಇದೊಂದರಲ್ಲಿ ಮಾತ್ರ ಅವನು ಒಂದನ್ನೂ ಹೆಚ್ಚಿಗೆ ಹೇಳುತ್ತಿರಲಿಲ್ಲ.

ಒಂದು ಶ್ರಾವಣದಲ್ಲಿ ಅವನ ಹೆಂಡತಿ ತುಳಜಾಬಾಯಿ ಮೂರು ದಿನದ ಜ್ವರಕ್ಕೆ ಹೋಗಿಬಿಟ್ಟಳು.

ತುಳಜಾಬಾಯಿಯ ಬಾಯಿ ಎಂಥದೆಂದು ಊರಿಗೆಲ್ಲ ಗೊತ್ತು, ಯಾಕೆಂದರೆ ಊರಿಗೆಲ್ಲ ವಿಠ್ಠಲಸಾ ಹೇಳಿದ್ದ. ಅವಳು ಬೈದರೆ ಬೆಟಗೇರಿಯ ಕಾಗೆಗಳು ಎದ್ದು ಲಕ್ಕುಂಡಿಗೆ ಹೋಗಿ ಕೂರುತ್ತಿದ್ದವು. ಓಣಿಯಲ್ಲಿ ಕಾಸಿದ ಹಾಲು ಒಡೆಯುತ್ತಿತ್ತು. ಒಮ್ಮೆ ಹುಬ್ಬಳ್ಳಿ ಪ್ಯಾಸೆಂಜರಿನ ಡ್ರೈವರ್ ಅವಳ ದನಿಯನ್ನು ಸಿಗ್ನಲ್ಲೆಂದು ತಿಳಿದು ಗಾಡಿ ನಿಲ್ಲಿಸಿದ್ದ. ಚಹಾದಂಗಡಿಯಲ್ಲಿ ಈ ಕಥೆಗಳಿಗೆ ಸಾವಿರ ಸಲ ಗಿರಾಕಿ ಇತ್ತು.

ಹದಿಮೂರನೆಯ ದಿನ ಕಚೇರಿಯ ಎಂಜಿನಿಯರ್ ನೀಲಗಂಗಾ ಹೊಂಬಳ ಸಾಲು ಅಳಿಸಲು ಬಂದಳು. ವಿಠ್ಠಲಸಾನ ಕೈಯಲ್ಲೇ ಕೆಲಸ ಕಲಿತವಳು ಅವಳು; ಮೂರು ಸಲ ಓದುವಾಗ ದನಿ ಮೂರು ಸಲವೂ ಒಡೆಯಿತು.

"ಕಾಕಾ, ಅಳಿಸ್ಲ್ಯಾ?"

ವಿಠ್ಠಲಸಾ ಕಪ್ಪನ್ನು ಟಕ್ಕೆಂದು ಬೋರಲು ಹಾಕಿದ. ಏನು ಗಟ್ಟಿ ಗುಂಡಿಗೆ ಎಂದು ನೀಲಗಂಗಾ ಬೆರಗಾಗಿ ಹೋದಳು. ಗುಂಡಿಗೆ ಗಟ್ಟಿಯಾಗಿರಲಿಲ್ಲ. ಅವನು ಆಗಲೇ ಕಡೆಯ ಸಾಲು ಬರೆದಿದ್ದ.

ರೌಟರಿನ ಪಟ್ಟಿಯ ಕೊಟ್ಟಕೊನೆಗೆ ಒಂದು ಸಾಲಿರುತ್ತದೆ. ಮೇಲಿನ ಯಾವ ಸಾಲಿಗೂ ಹೊಂದದೆ ಬಂದದ್ದನ್ನು ಏನು ಮಾಡಬೇಕೆಂದು ಹೇಳುವ ಸಾಲು. ಎಲ್ಲ ಊರಿನ ಕಚೇರಿಗಳೂ ಅದನ್ನು ಖಾಲಿ ಬಿಡುತ್ತವೆ. ಖಾಲಿಯೆಂದರೆ ಬಂದದ್ದು ಕಸಕ್ಕೆ. ಆ ಸಾಲು ಹೆಸರು ಕೇಳುವುದಿಲ್ಲ, ಪೋರ್ಟ್ ಕೇಳುವುದಿಲ್ಲ, ಒಂದು ಒಳನಂಬರು ಬರೆದರೆ ಸಾಕು. ಸತ್ತವರ ಹೆಸರು ಹುಡುಕುವ ತಪಾಸಣೆಯವರ ಕಣ್ಣಿಗೂ ಬೀಳುವುದಿಲ್ಲ. ವಿಠ್ಠಲಸಾ ಅಲ್ಲಿ ತನ್ನ ಅಡುಗೆಮನೆಯಲ್ಲಿದ್ದ ತುಳಜಾಳ ಪೆಟ್ಟಿಗೆಯ ನಂಬರು ಬರೆದ. ಲೋಕದಲ್ಲಿ ದಾರಿ ತಪ್ಪಿದ ಕರೆಗಳಿಗೇನು ಬರವೇ? ರಾಂಗ್ ನಂಬರಿನವರು, ಊರೂರ ಬಾಗಿಲ ಚಿಲಕ ಎಳೆದು ನೋಡುವ ನೆಟ್‌ಗಳ್ಳರು, ತಮ್ಮಷ್ಟಕ್ಕೆ ಗೊಣಗುವ ಯಂತ್ರಗಳು. ದಿನಕ್ಕೆ ಒಂದೆರಡಾದರೂ ಬಂದು ತುಳಜಾಳ ಬಾಗಿಲು ತಟ್ಟುತ್ತವೆ. ನಲವತ್ತು ದಿನ ಎಂದೂ ತುಂಬುವುದಿಲ್ಲ. ಭೂಮಿಯ ಮೇಲೆ ಈ ಯುಕ್ತಿ ಹೊಳೆದವನು ತಾನೊಬ್ಬನೇ ಎಂದು ಅವನಿಗೆ ಒಳಗೊಳಗೇ ಹೆಮ್ಮೆ. ಯಾರಿಗೂ ಹೇಳುವಂತಿಲ್ಲ ಎನ್ನುವುದೇ ದೊಡ್ಡ ಸಂಕಟವಾಗಿತ್ತು.

ಮೊದಲ ತಿಂಗಳು ಹಬ್ಬ. ಮಧ್ಯಾಹ್ನ ಊಟಕ್ಕೆ ಮನೆಗೆ ಬಂದರೆ ಅಡುಗೆಮನೆಯ ಶೆಲ್ಫಿನಿಂದ ದನಿ:

"ಏನ್ರೀ, ಮತ್ತ ಚಪ್ಪಲಿ ಹಾಕ್ಕೊಂಡ ಅಡಗಿ ಮನಿಗೆ ಬಂದ್ರೇನ?"

"ಬಾಗ್ಲಾಗ ಬಿಟ್ಟ ಬಂದೀನಿ ಮಾರಾಯ್ತಿ."

"ಬಿಟ್ಟ ಬಂದಿದ್ರ ಪಟಾ ಪಟಾ ಸಪ್ಪಳ ಯಾರ ಮಾಡಾಕತ್ಯಾರ? ನಿಮ್ಮ ರೌಟರ?"

ವಿಠ್ಠಲಸಾ ನಗುತ್ತ ಚಪ್ಪಲಿ ಬಿಡುತ್ತಿದ್ದ. ಮರುದಿನ ಬೇಕೆಂದೇ ಹಾಕಿಕೊಂಡು ಬರುತ್ತಿದ್ದ. ಸಕ್ಕರೆ ಕಾಯಿಲೆಯವನು ಡಬ್ಬಿಯೊಳಗೆ ಚಮಚೆ ಕಿಣಿಕಿಣಿ ಆಡಿಸುತ್ತಿದ್ದ. "ಹಾಕ್ಕೋರಿ, ಇನ್ನೊಂದ ಚಮಚಾ ಹಾಕ್ಕೋರಿ, ಡಾಕ್ಟರ್ ಮಗಳ ಲಗ್ನ ಐತಂತ" ಎಂದು ಅದು ಅಂದರೆ ಅವನಿಗೆ ಹೊಟ್ಟೆ ತುಂಬುತ್ತಿತ್ತು.

ದೀಪಾವಳಿ ಕಳೆದ ಮೇಲೆ ಒಂದು ಮಧ್ಯಾಹ್ನ ಬೀಗ ತೆಗೆಯುತ್ತಿದ್ದಾಗ ಅಡುಗೆಮನೆಯಲ್ಲಿ ಗಂಡಸಿನ ದನಿ ಕೇಳಿಸಿತು. ಮುದಿ ದನಿ, ಕಫ ತುಂಬಿದ್ದು.

"ಹೂಂ ಮಗಾ, ಗುಳಗಿ ತಗೊಂಡೀನಿ. ನೀ ಉಂಡಿಯೇನ? ಬಿಸಲಾಗ ಅಡ್ಡಾಡಬ್ಯಾಡ."

ಬಾಗಿಲು ದೂಡಿ ಓಡಿದ. ಒಳಗೆ ಯಾರೂ ಇರಲಿಲ್ಲ. ಹಂಚಿನ ಸಂದಿನ ಬಿಸಿಲು ಶೆಲ್ಫಿನ ಮೇಲೆ ಬಿದ್ದಿತ್ತು, ಪೆಟ್ಟಿಗೆಯ ಹಸಿರು ದೀಪ ಉರಿಯುತ್ತಿತ್ತು.

"ತುಳಜಾ, ಯಾರಂವಾ?"

"ಯಾರೋ ಅವರಪ್ಪನ್ನ ಕೇಳ್ಕೊಂಡ ಬಂದಿದ್ರು," ಎಂದಿತು ತುಳಜಾಳ ದನಿ. "ಅವರಪ್ಪ ಹೆಂಗ ಮಾತಾಡ್ತಿದ್ರು ಅಂತ ಅವರ ಹೇಳಿದ್ರು. ಪಾಪ, ಬಾಗ್ಲಿಗೆ ಬಂದವರಿಗೆ ಇಲ್ಲ ಅನ್ನಾಕ ಆಗಲಿಲ್ರಿ."

ವಿಠ್ಠಲಸಾ ಉಣ್ಣದೆ ಕಚೇರಿಗೆ ಓಡಿದ. ಪಟ್ಟಿ ತೆಗೆದು ನೋಡಿದ. ಆ ಹೊತ್ತಿಗೆ ಬಂದ ಕರೆ ಯಾವ ಪೋರ್ಟಿಗೆಂದು ಬೆರಳಿಟ್ಟು ಗುರುತಿಸಿದ. ಎರಡು ವರ್ಷದ ಹಿಂದೆ ಅವನೇ ಅಳಿಸಿದ್ದ ಸಾಲು ಅದು. ಮೇಲೆ ಕೆಳಗೆ ಹುಡುಕಿದ. ಎಲ್ಲವೂ ಅವನು ಅಳಿಸಿದವೇ.

ಭೂಮಿಯ ಮೇಲಿನ ಅತಿ ದೊಡ್ಡ ಜಾಣ ಮರೆತದ್ದು ಇಷ್ಟೇ. ಸಾಲು ಅಳಿಸಿದರೆ ಸತ್ತವರು ಪಟ್ಟಿಯಿಂದ ಹೋಗುತ್ತಾರೆ. ಅವರ ನಂಬರು ಬದುಕಿದ್ದವರ ಬೆರಳಿನಿಂದ ಹೋಗುವುದಿಲ್ಲ. ತೀರಿಕೊಂಡು ಎಷ್ಟೋ ವರ್ಷವಾದ ತಾಯಿಗೆ ಮಗಳು ಹಬ್ಬದ ದಿನ ಸುಮ್ಮನೆ ಒತ್ತಿ ನೋಡುತ್ತಾಳೆ. ಹಿಂದೆಲ್ಲ ಕಡೆಯ ಸಾಲು ಖಾಲಿಯಿತ್ತು, ಆ ಕರೆಗಳು ಕಸಕ್ಕೆ ಹೋಗುತ್ತಿದ್ದವು. ಈಗ ಒಂಬತ್ತು ಸಾವಿರ ಸತ್ತವರಿಗೆ ಬಂದ ಕರೆಗಳು ಒಂದೊಂದಾಗಿ ಉದುರಿ ತುಳಜಾಳ ಮೇಲೆ ಬೀಳುತ್ತಿದ್ದವು.

ಆಗಲೇ ಆ ಕಡೆಯ ಸಾಲು ಅಳಿಸಿದ್ದರೆ ಕಥೆ ಮುಗಿಯುತ್ತಿತ್ತು. ಅಳಿಸಿದರೆ ನಲವತ್ತನೆಯ ದಿನ ಶೆಲ್ಫಿನ ಮೇಲೆ ಖಾಲಿ ಡಬ್ಬಿ ಉಳಿಯುತ್ತಿತ್ತು. ಅವನ ಬೆರಳು ಗುಂಡಿಯ ಮೇಲೆ ಹೋಯಿತು, ಹಿಂದೆ ಬಂತು. ನಾಳೆ ನೋಡಿದರಾಯಿತು ಎಂದುಕೊಂಡ.

ನಾಳೆ ನಾಳೆ ಎನ್ನುತ್ತ ಸಂಕ್ರಾಂತಿ ಬಂತು. ಸತ್ತವರು ಫೋನೆತ್ತುತ್ತಾರೆ ಎಂಬ ಸುದ್ದಿ ಊರಿನಲ್ಲಿ ಹಬ್ಬಿತು. ಮೊದಲು ಜನ ಹೆದರಿದರು, ಆಮೇಲೆ ಒಗ್ಗಿಕೊಂಡರು. ಬೆಟಗೇರಿಯ ಮಗ್ಗಗಳು ಮಧ್ಯಾಹ್ನ ಒಂದು ತಾಸು ನಿಲ್ಲತೊಡಗಿದವು. ನೇಕಾರರು ತೀರಿಹೋದ ಹಿರಿಯರಿಗೆ ಸೀರೆಯ ಅಂಚಿನ ಬಣ್ಣ ಕೇಳುತ್ತಿದ್ದರು. ಮೊಮ್ಮಗನ ಫಲಿತಾಂಶವನ್ನು ಮೊದಲು ಸತ್ತ ಅಜ್ಜಿಗೆ ತಿಳಿಸುವುದು ರೂಢಿಯಾಯಿತು. ಕೆಲವರು ಕರೆಯನ್ನು ಕತ್ತರಿಸುವುದನ್ನೇ ಬಿಟ್ಟರು. ಒಲೆಯ ಪಕ್ಕ, ಹಾಸಿಗೆಯ ಪಕ್ಕ ಫೋನನ್ನು ಇಡೀ ದಿನ ತೆರೆದೇ ಇಟ್ಟಿರುತ್ತಿದ್ದರು. ಮಾತಿಲ್ಲ, ಕತೆಯಿಲ್ಲ, ಆ ಕಡೆ ಯಾರೋ ಇದ್ದಾರೆ, ಸಾಕು.

ಇತ್ತ ವಿಠ್ಠಲಸಾನ ಅಡುಗೆಮನೆ ಮಧ್ಯಾಹ್ನವಾದರೆ ಧರ್ಮಶಾಲೆ. ಒಂದು ದಿನ ಅನ್ನದ ಪಾತ್ರೆಯ ಮುಚ್ಚಳ ತೆಗೆಯುತ್ತಿದ್ದಾಗ ಶೆಲ್ಫಿನಿಂದ ಮಗುವಿನ ದನಿ ಬಂತು. ಆರೇಳು ವರ್ಷದ ಮಗು.

"ಏಳೊಂದ್ಲ ಏಳು. ಏಳೆರಡ್ಲ ಹದಿನಾಕು. ಏಳ್ಮೂರ್ಲ ಇಪ್ಪತ್ತೊಂದು…"

ಮಗ್ಗಿ ಏಳೆಂಟಕ್ಕೆ ಬಂದು ನಿಂತಿತು. ಆ ಕಡೆಯಿಂದ ಯಾವುದೋ ತಾಯಿ ಮೆಲ್ಲಗೆ ಹೇಳಿಕೊಡುತ್ತಿದ್ದಿರಬೇಕು. ಅವಳ ದನಿ ಸ್ಪೀಕರಿನಲ್ಲಿ ಬರುವುದಿಲ್ಲ. "…ಐವತ್ತಾರು," ಎಂದಿತು ಮಗು, ನಕ್ಕಿತು. ಮತ್ತೆ ಮೊದಲಿನಿಂದ: ಏಳೊಂದ್ಲ ಏಳು. ಮತ್ತೆ ಏಳೆಂಟಕ್ಕೆ ನಿಂತಿತು. ಹದಿನೆಂಟು ವರ್ಷದ ಕೆಳಗಿನವರಿಗೆ ಪೆಟ್ಟಿಗೆಯೇ ಇರಲಿಲ್ಲ. ಅಂದರೆ ಆ ತಾಯಿ ಯಾರ ನಂಬರನ್ನು ಒತ್ತಿದ್ದಳು? ಯಾವುದೋ ಒಂದು ನಂಬರು. ಯಾವುದನ್ನು ಒತ್ತಿದರೂ ಸಿಗುತ್ತಾರೆಂದು ಅವಳಿಗೆ ಯಾರೋ ಹೇಳಿದ್ದರು. ವಿಠ್ಠಲಸಾ ಮುಚ್ಚಳವನ್ನು ಕೈಯಲ್ಲಿ ಹಿಡಿದೇ ನಿಂತಿದ್ದ. ಆ ದಿನ ಅನ್ನ ಹಾಗೇ ಉಳಿಯಿತು.

ಅದಕ್ಕಿಂತ ಅವನನ್ನು ಹೆದರಿಸಿದ್ದು ಇನ್ನೊಂದು. ಚಪ್ಪಲಿಯ ಸಪ್ಪಳಕ್ಕೆ ಈಗ ದಿನವೂ ಬೈಗುಳ ಬರುತ್ತಿರಲಿಲ್ಲ. ಮೊದಲು ವಾರಕ್ಕೊಮ್ಮೆ, ಆಮೇಲೆ ಹದಿನೈದು ದಿನಕ್ಕೊಮ್ಮೆಯಾಯಿತು. ಒಂದು ದಿನ ಅವನು ಒಳಗೆ ಕಾಲಿಟ್ಟಾಗ ಪೆಟ್ಟಿಗೆ, "ಊಟ ಆತೇನ್ರಿ? ಹುಷಾರ ಇರ್ರಿ" ಎಂದಿತು. ಎಷ್ಟು ಮೆತ್ತಗೆ, ಎಷ್ಟು ಮರ್ಯಾದೆಯಿಂದ! ಆಸ್ಪತ್ರೆಯಲ್ಲಿ ಪಕ್ಕದ ಹಾಸಿಗೆಯವರನ್ನು ವಿಚಾರಿಸಿದ ಹಾಗೆ. ದಿನವಿಡೀ ಅಳುವವರನ್ನು ಸಮಾಧಾನ ಮಾಡಿ ಮಾಡಿ ಅದು ಅದನ್ನೇ ಕಲಿತುಬಿಟ್ಟಿತ್ತು.

ಶಿವರಾತ್ರಿಯ ಮರುದಿನ ಬೆಳಿಗ್ಗೆ ನೀಲಗಂಗಾ ಕಂಟ್ರೋಲ್ ರೂಮಿನ ಬಾಗಿಲು ಹಾಕಿಕೊಂಡು ಬಂದು ಅವನೆದುರು ಕುಳಿತಳು.

"ಕಾಕಾ, ಪಟ್ಟಿ ತುಂಬೇತಿ."

"ಯಾವ ಪಟ್ಟಿ?"

"ನಾಟಕಾ ಬ್ಯಾಡ. ಹನ್ನೊಂದ ಸಾವಿರ ಕರೆ ಒಂದ ನಂಬರಿಗೆ ಹೋಗಿ ಕುಂತಾವ. ಒಂದೂ ಕಟ್ ಆಗವಲ್ದು. ಹೊಸಾ ಸಾಲ ಬರಿಯಾಕ ರೌಟರಿನ್ಯಾಗ ಜಾಗಾ ಇಲ್ಲ. ನಿನ್ನೆ ದವಾಖಾನಿಯಿಂದ ಒಂದ ಕರೆ ಹೊರಗ ಹೋಗ್ಲಿಲ್ಲ, ಒಂಬತ್ತ ನಿಮಿಷ. ಪುಣ್ಯಾಕ್ಕ ಅಲ್ಲಿ ಮಲಗಿದ್ದ ಹುಡುಗಿ ಉಳದ್ಲು." ಅವಳು ಪರದೆಯನ್ನು ಅವನ ಕಡೆ ತಿರುಗಿಸಿದಳು. "ಈ ನಂಬರ ನಿಮ್ಮ ಅಡಗಿ ಮನೀದು."

ವಿಠ್ಠಲಸಾ ಯಾವತ್ತಿನ ಹಾಗೆ ದೊಡ್ಡದೊಂದು ಹೇಳಲು ಬಾಯಿ ತೆರೆದ. ಬಂದದ್ದು ಇಷ್ಟೇ:

"ನೀ ಯಾರಿಗರೆ ಹೇಳಿಯೇನ?"

"ಯಾರಿಗೂ ಹೇಳಿಲ್ಲ. ನೀವ ಕಲಿಸಿದ ಕೆಲಸಾ, ನಿಮ್ಮ ಮ್ಯಾಲ ಹೆಂಗ ಹೇಳ್ಲಿ?" ಎಂದಳು ನೀಲಗಂಗಾ. "ಆದ್ರ ಇವತ್ತ ಸಂಜಿಯೊಳಗ ಏನರೆ ಮಾಡಬೇಕು. ಕಡೀ ಸಾಲ ಖಾಲಿ ಮಾಡ್ರಿ. ನಲವತ್ತ ದಿನಾ ಪೆಟ್ಟಿಗಿ ಇರತೈತಿ, ನೀವೊಬ್ರ ಮಾತಾಡ್ರಿ, ಆಮ್ಯಾಲ ಮುಗೀತು. ಇಲ್ಲಂದ್ರ ಪೆಟ್ಟಿಗಿ ತಂದ ಇಲ್ಲೆ ರ‍್ಯಾಕಿನ್ಯಾಗ ಇಡ್ರಿ. ರೌಟರಿನ ಹೊರಗ ಅದಕ್ಕೊಂದ ಬ್ಯಾರೆ ಲೈನ್ ಹಾಕ್ತೀನಿ, ಪಟ್ಟಿ ತುಂಬೂದಿಲ್ಲ. ಅದು ಊರಿಗೆ ಉಳಿತೈತಿ. ನಿಮ್ಮ ಅಡಗಿ ಮನ್ಯಾಗ ಇರೂದಿಲ್ಲ. ನೀವೂ ಎಲ್ಲಾರಂಗ ಹೊರಗಿಂದ ಫೋನ್ ಮಾಡಬೇಕು."

"ಸತ್ತವರ ಪೆಟ್ಟಿಗಿ ಇಡಾಕ ಕಾಯ್ದೆ ಎಲ್ಲಿ ಐತಿ?"

"ತುಳಜಾ ಕಾಕೂನ ಹೆಸರಿನ ಸಾಲ ನಾನ ಅಳಿಸೇನಿ. ಹೆಸರಿಲ್ಲದ್ದಕ್ಕ ಕಾಯ್ದೆ ಇಲ್ಲ. ಅದರಾಗ ಕಾಕೂ ಈಗ ಎಷ್ಟ ಉಳದಾರ, ಅದನ್ನ ನೀವ ಹೇಳಬೇಕು."

ಎಷ್ಟು ಉಳಿದಿದ್ದಾಳೆ? ಅದನ್ನು ನೋಡಲೆಂದೇ ಅವನು ಮಧ್ಯಾಹ್ನ ಮನೆಗೆ ಹೋದ. ಹಾದಿಯುದ್ದಕ್ಕೂ ನಿರ್ಧಾರ ಗಟ್ಟಿಯಾಗುತ್ತಿತ್ತು. ಖಾಲಿ ಮಾಡಿಬಿಡುತ್ತೇನೆ. ಬೇರೆಯವರ ಸದ್ದು ನಿಂತರೆ ಅವಳು ಮತ್ತೆ ಅವಳಾಗುತ್ತಾಳೆ. ನಲವತ್ತು ದಿನ ನನ್ನೊಬ್ಬನನ್ನೇ ಬೈಯಲಿ.

ಧೂಳು ಮೆತ್ತಿದ ಚಪ್ಪಲಿಯಲ್ಲೇ ಅಡುಗೆಮನೆಗೆ ನುಗ್ಗಿದ. ತಂಬಿಗೆ ಬೀಳಿಸಿದ. ಸಕ್ಕರೆ ಡಬ್ಬಿ ತೆಗೆದು ಚಮಚೆಯನ್ನು ಗಂಟೆಯ ಹಾಗೆ ಬಾರಿಸಿದ.

"ಅಳಬ್ಯಾಡವಾ, ಅಳಬ್ಯಾಡ," ಎನ್ನುತ್ತಿತ್ತು ಪೆಟ್ಟಿಗೆ ಯಾರಿಗೋ.

"ತುಳಜಾ! ಚಪ್ಪಲಿ ಹಾಕ್ಕೊಂಡ ಬಂದೀನಿ ನೋಡ."

"ಇರ್ಲಿ ಬಿಡ್ರಿ, ದಣದ ಬಂದಿರ್ತೀರಿ."

"ಸಕ್ಕರಿ ಮೂರ ಚಮಚಾ ಹಾಕ್ಕೊಂಡೆ."

"ಹಾಕ್ಕೋರಿ. ಬಾಯಿ ಸಿಹಿ ಆದ್ರ ಮನಸ್ಸಿಗೆ ಹಗುರ."

ಅವನು ಶೆಲ್ಫ್ ಹಿಡಿದುಕೊಂಡ. "ತುಳಜಾ, ನಾ ಯಾರ? ಗೊತ್ತಾತಿಲ್ಲೋ?"

ಹಸಿರು ದೀಪ ಒಮ್ಮೆ ಮಿನುಗಿತು. ಆಮೇಲೆ ಅದು ಬಹಳ ಪ್ರೀತಿಯಿಂದ ಕೇಳಿತು, ಹನ್ನೊಂದು ಸಾವಿರ ಜನಕ್ಕೆ ಕೇಳುವ ಹಾಗೆ:

"ಹೇಳ್ರಿ, ಯಾರು ಬೇಕಾಗಿತ್ತು?"

ಹೊರಗೆ ಓಣಿಯಲ್ಲಿ ತರಕಾರಿಯವನು ಮೆಂತ್ಯಪಲ್ಲೆ ಕೂಗುತ್ತ ಹೋದ. ಅವನ ಕೂಗು ಸಂದಿ ತಿರುಗುವಷ್ಟರಲ್ಲಿ ವಿಠ್ಠಲಸಾ ಚಪ್ಪಲಿ ಬಿಚ್ಚಿ ಬಾಗಿಲಾಚೆ ಇಟ್ಟ.

"ತುಳಜಾ ಬೇಕಾಗಿತ್ತು," ಎಂದ ಕೊನೆಗೆ.

"ಒಳ್ಳೇದಾತು. ಹೆಂಗಿದ್ರು ಅವರು? ಒಂದೀಟ ಹೇಳ್ರಿ, ಕರೀತೀನಿ."

ಹೇಳು ಎಂದರೆ ವಿಠ್ಠಲಸಾನಿಗೆ ಹೇಳಿಕೊಡಬೇಕೇ? ಕಾಗೆಗಳು ಲಕ್ಕುಂಡಿಗೆ ಹೋದದ್ದು ಹೇಳಿದ. ಒಡೆದ ಹಾಲು ಹೇಳಿದ. ನಿಂತ ರೈಲು ಹೇಳಿದ. ಮಾತಿನ ಬಿಸಿಯಲ್ಲಿ ಎರಡು ಹೊಸವನ್ನೂ ಹುಟ್ಟಿಸಿದ. ಪೆಟ್ಟಿಗೆ ಗಂಟಲು ಬಿಚ್ಚಿತು.

"ಏ ಬಾಕಳ್ಯಾ!"

ಕಪಾಟಿನ ಸ್ಟೀಲಿನ ತಾಟುಗಳು ಝಣ್ಣೆಂದವು. ಕಿಟಕಿಯಾಚೆ ನಿಜವಾಗಿಯೂ ಒಂದು ಕಾಗೆ ಹಾರಿತು. ಮುಂದೆ ಬಂದದ್ದು ಬೈಗುಳವಲ್ಲ, ಹೊಳೆ. ಚಪ್ಪಲಿ, ಸಕ್ಕರೆ, ರೌಟರು, ಅವನ ಅಪ್ಪ, ಅಜ್ಜ, ಅಜ್ಜನ ಕುದುರೆ, ಯಾವುದೂ ಉಳಿಯಲಿಲ್ಲ. ವಿಠ್ಠಲಸಾ ನೆಲದ ಮೇಲೆ ಕುಳಿತು ನಕ್ಕ, ಕಣ್ಣೊರೆಸಿಕೊಂಡು ಮತ್ತೆ ನಕ್ಕ. ಬಂದಳು, ನನ್ನ ತುಳಜಾ ಬಂದಳು!

ಕಾಲು ತಾಸಾದ ಮೇಲೆ ನಗು ತಾನಾಗಿ ನಿಂತಿತು. ಒಂದೊಂದು ಬೈಗುಳವೂ ಅವನಿಗೆ ಮೊದಲೇ ಗೊತ್ತಿತ್ತು. ಅವೆಲ್ಲ ಅವನವೇ, ಚಹಾದಂಗಡಿಯಲ್ಲಿ ಅವನು ಕಟ್ಟಿದವು. ತುಳಜಾ ಅವನನ್ನು ಎಂದೂ ಹೆಸರು ಹಿಡಿದು ಕರೆದವಳಲ್ಲ. ದನಿ ಎತ್ತಿದವಳೂ ಅಲ್ಲ. ಒಲೆಯ ಕಡೆ ಮುಖ ಮಾಡಿ, ಸಣ್ಣ ದನಿಯಲ್ಲಿ, ಅರ್ಧ ಆಡಿ ಅರ್ಧ ನುಂಗುತ್ತಿದ್ದಳು.

"ಹಂಗಲ್ಲ," ಎಂದ. "ಸಣ್ಣ ದನ್ಯಾಗ."

"ಹಿಂಗೇನ್ರಿ?" ದನಿ ತಗ್ಗಿತು.

"ಇನ್ನೂ ಸಣ್ಣ."

"ಹಿಂಗ?"

"ಅಲ್ಲ… ಇದು ಭಾಳ ಸಣ್ಣ ಆತು. ಸ್ವಲ್ಪ… ಅಲ್ಲ."

ಹಳೆಯ ರೇಡಿಯೋದ ಮುಳ್ಳನ್ನು ಆ ಕಡೆ ಈ ಕಡೆ ತಿರುಗಿಸಿದ ಹಾಗೆ ಅವನು ಸರಿಪಡಿಸುತ್ತ ಹೋದ. ದನಿ ಒಂದೆರಡು ಸಲ ಅವಳ ಹತ್ತಿರದಿಂದಲೇ ಹಾದುಹೋಯಿತೋ ಏನೋ. ಗುರುತು ಹಿಡಿಯಲು ಅವನಿಂದಾಗಲಿಲ್ಲ. ಅವಳು ನುಂಗುತ್ತಿದ್ದ ಅರ್ಧ ಏನೆಂದು ಅವನು ಎಂದೂ ಕೇಳಿಸಿಕೊಂಡಿರಲಿಲ್ಲ. ಕೇಳಿಸಿಕೊಂಡ ಅರ್ಧದ ಮೇಲೆ ಮೂವತ್ತು ವರ್ಷ ಕಾಗೆಗಳನ್ನು ಹಾರಿಸಿ ಹಾರಿಸಿ, ಅದೂ ಮುಚ್ಚಿಹೋಗಿತ್ತು. ನಲವತ್ತು ದಿನ ಇವಳೊಂದಿಗೆ ಒಬ್ಬನೇ ಕುಳಿತರೆ ಸಿಗುವವಳು ಯಾರೆಂದು ಅವನಿಗೆ ತಿಳಿಯಿತು. ಅವನೇ.

ಕಚೇರಿಗೆ ವಾಪಸು ಬಂದಾಗ ಹೊರಗಿನ ಬೆಂಚಿನ ಮೇಲೆ ಹುಸೇನಸಾಬ ಡಂಬಳ ಕುಳಿತಿದ್ದ. ಗದಗ ಜಂಕ್ಷನ್ನಿನಲ್ಲಿ ಪಾಯಿಂಟ್ಸ್‌ಮನ್ ಆಗಿ ನಿವೃತ್ತನಾದವನು. ಅವನ ಮಗಳು ಶಮೀಮಳ ಸಾಲನ್ನು ವಿಠ್ಠಲಸಾನೇ ಮೂರು ಸಲ ಓದಿ ಅಳಿಸಿದ್ದ.

"ಬಾಕಳೆ ಸಾಹೇಬ್ರ, ಸತ್ತವರ ಲೈನ್ ಮುಚ್ತೀರಂತಲ್ರೀ? ನಿನ್ನೆ ದವಾಖಾನಿ ಕರೆ ಹೋಗ್ಲಿಲ್ಲಲ್ಲ, ಊರಾಗ ಮಾತಾಡಾಕತ್ಯಾರ."

ವಿಠ್ಠಲಸಾ ಅವನ ಪಕ್ಕ ಕುಸಿದು ಕುಳಿತ. "ಹುಸೇನಸಾಬ, ನಿಮಗೊಂದ ಖರೆ ಹೇಳ್ತೀನಿ. ಅದರಾಗ ನಿಮ್ಮ ಶಮೀಮ ಇಲ್ಲ. ಅದು ನಮ್ಮ ಅಡಗಿ ಮನಿ ಪೆಟ್ಟಿಗಿ. ಏನ್ ಹೇಳ್ತೀರಿ, ಅದನ್ನ ತಿರುಗಿ ಹೇಳತೈತಿ."

"ಗೊತ್ತೈತ್ರಿ."

"ಗೊತ್ತೈತಿ?"

"ರೈಲ್ವೇದಾಗ ಮೂವತ್ತಾರ ವರ್ಷ ಹಳಿ ಬದಲ ಮಾಡೀನಿ. ಯಾವ ಗಾಡಿ ಯಾವ ಹಳೀಗೆ ಬಂತು ಅಂತ ತಿಳಿಯೂದಿಲ್ಲೇನ್ರಿ?" ಹುಸೇನಸಾಬ ಮೀಸೆಯಲ್ಲೇ ನಕ್ಕ. "ಮೊದಲನೇ ದಿನಾನ ಕೇಳ್ತು, ಹೆಂಗಿದ್ರು ಹೇಳ್ರಿ ಅಂತ. ಎಲ್ಲಾ ಹೇಳ್ದೆ, ಒಂದ ಬಿಟ್ಟು. ನಮ್ಮಕಿ ನನ್ನ ಒಂದ ಹೆಸರಿಲೆ ಕರೀತಿದ್ಲು. ಅದನ್ನ ಹೇಳ್ಲಿಲ್ಲ. 'ಅಬ್ಬಾ' ಅಂತಿದ್ಲು ಅಂತ ಸುಳ್ಳ ಹೇಳ್ದೆ. ಈಗ ದಿನಾ ಅದು ಅಬ್ಬಾ ಅಂತೈತಿ. ಅಂದಾಗೊಮ್ಮೆ ನನಗ ನೆನಪಾಗತೈತಿ, ಇಕಿ ಅಲ್ಲ. ನಮ್ಮಕಿ ಬ್ಯಾರೆ, ನನ್ನ ಹತ್ತಿರಾನ ಅದಾಳ."

"ಮತ್ತ ಯಾಕ ಮಾತಾಡ್ತೀರಿ?"

"ಮಧ್ಯಾಹ್ನ ಭಾಳ ಉದ್ದ ಇರತೈತ್ರಿ."

ವಿಠ್ಠಲಸಾ ಅವನ ಕಡೆ ತಿರುಗಿದ. "ಆ ಹೆಸರ ಏನು, ಕರೀತಿದ್ದದ್ದು?"

"ನೀವ ಒಳ್ಳೆಯವರದೀರಿ ಸಾಹೇಬ್ರ," ಎಂದ ಹುಸೇನಸಾಬ. "ಹೇಳೂದಿಲ್ರಿ."

ಅವನು ಎದ್ದುಹೋದ ಮೇಲೂ ವಿಠ್ಠಲಸಾ ಬೆಂಚಿನ ಮೇಲೇ ಇದ್ದ. ಹೇಳದೆ ಉಳಿದದ್ದು ತನ್ನ ಹತ್ತಿರ ಏನಾದರೂ ಇದೆಯೇ? ಮೂವತ್ತು ವರ್ಷವನ್ನು ಮನೆ ಗುಡಿಸಿದ ಹಾಗೆ ಗುಡಿಸಿದ. ಸಿಕ್ಕಿದ್ದೆಲ್ಲ ಹೇಳಿದ್ದೇ, ಹೇಳಿದ್ದೆಲ್ಲ ಹಿಗ್ಗಿದ್ದೇ. ಬಿಸಿಲು ಬೆಂಚಿನ ಮೇಲಿಂದ ಇಳಿದು ಗೋಡೆಗೆ ಹೋಯಿತು. ಕೊನೆಗೆ ಮೂಲೆಯಲ್ಲಿ ಒಂದು ಕೈಗೆ ತಾಗಿತು. ಬಹಳ ಸಣ್ಣದು. ಅದರಲ್ಲಿ ಗುಡುಗಿಲ್ಲ, ರೈಲಿಲ್ಲ. ಚಹಾದಂಗಡಿಯಲ್ಲಿ ಹೇಳಿದ್ದರೆ ಒಬ್ಬನೂ ತಲೆಯೆತ್ತಿ ನೋಡುತ್ತಿರಲಿಲ್ಲ. ಅದಕ್ಕೇ ಅವನು ಹೇಳಿರಲಿಲ್ಲ, ಅದಕ್ಕೇ ಅದು ಕೆಡದೆ ಉಳಿದಿತ್ತು. ಎರಡೂ ಕೈಯಲ್ಲಿ ಹಿಡಿದುಕೊಂಡವನಂತೆ ಅವನು ನಿಧಾನವಾಗಿ ಎದ್ದ.

"ನೀಲವ್ವಾ, ರ‍್ಯಾಕಿನ್ಯಾಗ ಜಾಗಾ ಮಾಡ. ತರ್ತೀನಿ."

ನೀಲಗಂಗಾ ಏನೋ ಕೇಳಬೇಕೆಂದವಳು ಅವನ ಮುಖ ನೋಡಿ, "ಹೂಂ ಕಾಕಾ" ಎಂದಳು.

ಮನೆಯಲ್ಲಿ ಅವನು ಪೆಟ್ಟಿಗೆಯ ವೈರು ಕಿತ್ತ. ಯಾರಿಗೋ ಹೇಳುತ್ತಿದ್ದ ಸಮಾಧಾನ ಅರ್ಧಕ್ಕೆ ನಿಂತಿತು. ಒಳಗಿನ ಬ್ಯಾಟರಿ ಅರ್ಧ ತಾಸು ಬರುತ್ತದೆ, ಹಸಿರು ದೀಪ ಆರಲಿಲ್ಲ. ಕೈಚೀಲದಲ್ಲಿಟ್ಟುಕೊಂಡು ಆಟೋ ಹತ್ತಿದ. ಆರು ತಿಂಗಳಲ್ಲಿ ಮೊದಲ ಸಲ ಆ ಪೆಟ್ಟಿಗೆಯನ್ನು ತಟ್ಟುವವರು ಯಾರೂ ಇರಲಿಲ್ಲ.

ಬೆಟಗೇರಿಯ ಬಸ್‌ಸ್ಟ್ಯಾಂಡು ದಾಟುತ್ತಿದ್ದಂತೆ ತೊಡೆಯ ಮೇಲಿನ ಚೀಲ ಮಾತಾಡಿತು.

"ಯಾರರೆ ಅದೀರೇನ್ರಿ?"

ಆಟೋದವನು ಕನ್ನಡಿಯಲ್ಲಿ ನೋಡಿದ. ವಿಠ್ಠಲಸಾ ಚೀಲದ ಬಾಯಿ ಹಿಡಿದುಕೊಂಡ.

"ಯಾರರೆ ಅದೀರೇನ್ರಿ? ಯಾಕೋ ಎಲ್ಲಾ ಸುಮ್ನ ಆಗ್ಯಾರ."

ಅದು ಮುದುಕನ ದನಿಯಾಗಿರಲಿಲ್ಲ, ಮಗುವಿನದೂ ಅಲ್ಲ, ತುಳಜಾಳದೂ ಅಲ್ಲ. ಕತ್ತಲಾದ ಕೋಣೆಗೆ ಬಂದ ಯಾರದೋ ದನಿ.

"ಅದೀನಿ," ಎಂದ ವಿಠ್ಠಲಸಾ.

"ಯಾರು ಬೇಕಾಗಿತ್ತು?"

"ಯಾರೂ ಬ್ಯಾಡವಾ."

"ಹಂಗಂದ್ರ ಯಾರ ಬಗ್ಗೆರೆ ಒಂದೀಟ ಹೇಳ್ರಿ."

ಆ ಸಣ್ಣದು ನಾಲಿಗೆಯ ತುದಿಗೆ ಬಂದಿತ್ತು. ಹೇಳಿದರೆ ಇದು ಈಗಲೇ ಅವಳಾಗುತ್ತದೆ, ಈ ಸಲ ಸುಳ್ಳಲ್ಲದವಳು. ಹೇಳಿದ ಮೇಲೆ ಅವನ ಹತ್ತಿರ ಮಾತ್ರ ಏನೂ ಉಳಿಯುವುದಿಲ್ಲ.

"ಹೇಳೂದಿಲ್ಲ. ಸುಮ್ನ ಕುಂತೀನಿ."

ಹನ್ನೊಂದು ಸಾವಿರ ಜನರಲ್ಲಿ ಹಾಗೆ ಅಂದವರು ಅದಕ್ಕೆ ಒಬ್ಬರೂ ಸಿಕ್ಕಿರಲಿಲ್ಲ. ರೈಲ್ವೆ ಗೇಟು ಹಾಕಿತ್ತು, ಆಟೋ ನಿಂತಿತು. ಕಲ್ಲಿದ್ದಲು ತುಂಬಿದ ಗೂಡ್ಸ್ ಗಾಡಿ ನಿಧಾನವಾಗಿ ಹಾಯುತ್ತಿತ್ತು. ಅದರ ಕೊನೆಯ ಡಬ್ಬಿ ದಾಟಿ ಗೇಟು ಏಳುವವರೆಗೆ ಇಬ್ಬರೂ ಮಾತಾಡಲಿಲ್ಲ.